ಆಸೆಗೊಂದು ಪಟ್ಟಿ, ಅಂದಾಜಿಗೊಂದು ಪಟ್ಟಿ

ಪ್ರಶ್ನೆ: ಸರ್, ನಾವು ನಾಲ್ಕು ಜನ ಗೆಳತಿಯರು ಪ್ರತಿ ವರ್ಷ ಆಸ್ಕರ್‌ಗೆ ಮುಂಚೆ ಯಾರು ಗೆಲ್ಲುತ್ತಾರೆ ಅಂತ ಪಟ್ಟಿ ಬರೆದು ಪಂದ್ಯ ಕಟ್ಟುತ್ತೇವೆ. ಸೋತವರು ಉಳಿದವರಿಗೆ ಮಸಾಲೆ ದೋಸೆ ಕೊಡಿಸಬೇಕು. ನಾನು ನನಗೆ ಇಷ್ಟವಾದವರ ಹೆಸರನ್ನೇ ಬರೆಯುತ್ತೇನೆ, ದೋಸೆಯನ್ನೂ ನಾನೇ ಕೊಡಿಸುತ್ತೇನೆ. 2019ರಲ್ಲಿ ‘ರೋಮಾ’ ಸೋತಾಗ ನಿಜಕ್ಕೂ ಬೇಜಾರಾಗಿತ್ತು. ಒಳ್ಳೆಯ ಸಿನಿಮಾ ಯಾಕೆ ಸೋಲುತ್ತದೆ? ನಮ್ಮಂಥವರ ಆಸೆಗೆ ಏನಾದರೂ ಅರ್ಥ ಇದೆಯಾ? ಆ ವರ್ಷ ನೀವು ಯಾರು ಗೆಲ್ಲಲಿ ಅಂದುಕೊಂಡಿದ್ದಿರಿ?
(ಶಿವಮೊಗ್ಗದ ಓದುಗರೊಬ್ಬರು)

ಉತ್ತರ: ಕೊನೆಯ ಪ್ರಶ್ನೆಯಿಂದ ಶುರುಮಾಡುತ್ತೇನೆ. ಆ ವರ್ಷ ನನ್ನ ಆಸೆಯೂ ‘ರೋಮಾ’ನೇ. ಅತ್ಯುತ್ತಮ ಚಿತ್ರ ಅದಕ್ಕೇ ಬರಲಿ, ಅತ್ಯುತ್ತಮ ನಟಿ ಪ್ರಶಸ್ತಿ ಯಲಿಟ್ಜಾ ಅಪಾರಿಸಿಯೊಗೇ ಬರಲಿ ಅಂತ ಆಸೆಪಟ್ಟಿದ್ದೆ. ಎರಡೂ ಬರಲಿಲ್ಲ. ಈಗಲೂ ಕೇಳಿದರೆ ಅದೇ ಎರಡು ಹೆಸರು ಹೇಳುತ್ತೇನೆ.

ಕಾರಣ ಹೇಳಬೇಕಲ್ವಾ? ಆ ಚಿತ್ರದ ಮೊದಲ ದೃಶ್ಯ ನೆನಪು ಮಾಡಿಕೊಳ್ಳಿ. ಕಪ್ಪು ಬಿಳುಪಿನಲ್ಲಿ ಬರೀ ನೆಲದ ಕಲ್ಲುಗಳು. ಸ್ವಲ್ಪ ಹೊತ್ತಿಗೆ ಅದರ ಮೇಲೆ ಸೋಪಿನ ನೀರು ಬಂದು ಬೀಳುತ್ತದೆ. ನೀರಿನಲ್ಲಿ ಆಕಾಶ ಕಾಣುತ್ತದೆ, ಆ ಆಕಾಶದಲ್ಲಿ ಒಂದು ವಿಮಾನ ಹಾದುಹೋಗುತ್ತದೆ. ನೆಲ ತೊಳೆಯುತ್ತಿರುವವಳು ಮನೆಕೆಲಸದ ಹುಡುಗಿ ಕ್ಲಿಯೋ. 1970ರ ದಶಕದ ಶುರುವಿನ ಮೆಕ್ಸಿಕೋ ನಗರ. ಯಜಮಾನರ ಮನೆಯ ಮಕ್ಕಳನ್ನು ಎಬ್ಬಿಸುವವಳು ಅವಳು, ಮಲಗಿಸುವವಳೂ ಅವಳೇ. ನಿರ್ದೇಶಕ ಅಲ್ಫೊನ್ಸೊ ಕ್ವಾರೋನ್ ತನ್ನನ್ನು ಸಾಕಿದ ಹೆಂಗಸನ್ನು ನೆನೆದು ಮಾಡಿದ ಚಿತ್ರ ಇದು. ಕ್ಯಾಮೆರಾ ಕೂಡ ಅವರೇ ಹಿಡಿದರು.

ಕೊನೆಗೆ ಸಮುದ್ರದ ದೃಶ್ಯ ಬರುತ್ತದೆ. ಕ್ಲಿಯೋಗೆ ಈಜು ಬರುವುದಿಲ್ಲ. ಮಕ್ಕಳು ಅಲೆಗೆ ಸಿಕ್ಕಿದ್ದಾರೆ. ಅವಳು ನೀರಿಗೆ ಇಳಿಯುತ್ತಾಳೆ, ಕ್ಯಾಮೆರಾ ಪಕ್ಕದಲ್ಲೇ ಸಾಗುತ್ತದೆ. ಅಲೆ ಎದೆಮಟ್ಟಕ್ಕೆ ಬರುತ್ತದೆ, ಆಮೇಲೆ ತಲೆಯ ಮೇಲೆಯೇ ಹೋಗುತ್ತದೆ. ಎಲ್ಲೂ ಕಟ್ ಇಲ್ಲ. ಮಕ್ಕಳನ್ನು ದಡಕ್ಕೆ ತಂದ ಮೇಲೆ ಎಲ್ಲರೂ ಅವಳನ್ನು ತಬ್ಬಿ ಕೂರುತ್ತಾರೆ. ಅಲ್ಲಿಯವರೆಗೆ ಬಾಯಿಬಿಡದ ಹುಡುಗಿ ಆಗ ತನ್ನ ಎದೆಯಲ್ಲಿದ್ದ ಒಂದು ಮಾತು ಹೇಳುತ್ತಾಳೆ. ಯಲಿಟ್ಜಾ ಅದಕ್ಕೆ ಮೊದಲು ಒಂದು ಸಿನಿಮಾದಲ್ಲೂ ನಟಿಸಿದವರಲ್ಲ. ಒಹಾಕಾ ರಾಜ್ಯದ ತ್ಲಾಶಿಯಾಕೊ ಊರಿನವರು, ಪುಟ್ಟ ಮಕ್ಕಳಿಗೆ ಪಾಠ ಹೇಳುವ ಟೀಚರ್ ಆಗಲು ಓದಿದವರು. ನಿರ್ದೇಶಕರು ಕಥೆಯನ್ನು ನಡೆದ ಕ್ರಮದಲ್ಲೇ ಚಿತ್ರೀಕರಿಸಿದರು. ಪೂರ್ತಿ ಸ್ಕ್ರಿಪ್ಟನ್ನು ನಟರ ಕೈಗೆ ಕೊಡಲಿಲ್ಲ. ಹಾಗಾಗಿ ಆ ಮುಖದಲ್ಲಿ ಮುಂದೇನು ಅಂತ ಗೊತ್ತಿಲ್ಲದ ಭಯ ನಿಜವಾಗಿಯೇ ಇದೆ. ಇಂಥ ಅಭಿನಯ ಗೆಲ್ಲಲಿ ಅಂತ ಆಸೆಪಡದೆ ಇನ್ನೇನು ಮಾಡೋದು!

2019ರ ಫೆಬ್ರವರಿ 24ರ ರಾತ್ರಿ, ನಮಗೆ ಸೋಮವಾರ ಬೆಳಿಗ್ಗೆ, ‘ರೋಮಾ’ 10 ನಾಮಿನೇಷನ್ ಹೊತ್ತು ಬಂದಿತ್ತು. ನಿರ್ದೇಶನ, ಛಾಯಾಗ್ರಹಣ, ವಿದೇಶಿ ಭಾಷಾ ಚಿತ್ರ, ಹೀಗೆ ಮೂರು ಗೆದ್ದಿತು. ಮೆಕ್ಸಿಕೋಗೆ ವಿದೇಶಿ ಭಾಷೆಯ ವಿಭಾಗದಲ್ಲಿ ಅದೇ ಮೊದಲ ಆಸ್ಕರ್. ಆದರೆ ಅತ್ಯುತ್ತಮ ಚಿತ್ರದ ಕೊನೆಯ ಲಕೋಟೆಯಲ್ಲಿದ್ದ ಹೆಸರು ‘ಗ್ರೀನ್ ಬುಕ್’. ಅದಕ್ಕಿದ್ದದ್ದು ಬರೀ ಐದು ನಾಮಿನೇಷನ್. ನಿರ್ದೇಶಕರಿಗಂತೂ ನಾಮಿನೇಷನ್ನೇ ಸಿಕ್ಕಿರಲಿಲ್ಲ.

ಒಳ್ಳೆಯ ಸಿನಿಮಾ ಯಾಕೆ ಸೋಲುತ್ತದೆ ಅಂತ ಕೇಳಿದ್ದೀರಿ. ಇದಕ್ಕೆ ‘ರಾಜಕೀಯ’ ಅಂತ ಒಂದೇ ಮಾತಲ್ಲಿ ಉತ್ತರ ಕೊಡುವವರು ಜಾಸ್ತಿ. ನಾನು ಒಪ್ಪುವುದಿಲ್ಲ. ಮೊದಲು ಮತ ಎಣಿಸುವ ರೀತಿ ನೋಡಬೇಕು. ಅತ್ಯುತ್ತಮ ಚಿತ್ರವನ್ನು ಆರಿಸುವ ಕ್ರಮವೇ ಬೇರೆ, ಉಳಿದ ವಿಭಾಗಗಳ ಕ್ರಮವೇ ಬೇರೆ.

ನಮ್ಮ ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಚುನಾವಣೆ ನಿಮಗೆ ಗೊತ್ತಿರುತ್ತದೆ. ಅಲ್ಲಿ ಒಬ್ಬರಿಗೆ ಮಾತ್ರ ಮತ ಹಾಕಿ ಬರುವುದಿಲ್ಲ. ಮೊದಲ ಪ್ರಾಶಸ್ತ್ಯ ಇವರಿಗೆ, ಎರಡನೇ ಪ್ರಾಶಸ್ತ್ಯ ಅವರಿಗೆ ಅಂತ 1, 2, 3 ಬರೆಯುತ್ತೇವೆ. ಆಸ್ಕರ್‌ನ ಅತ್ಯುತ್ತಮ ಚಿತ್ರಕ್ಕೂ ಈಗ ಹೆಚ್ಚುಕಡಿಮೆ ಇದೇ ಕ್ರಮ. 2010ರ ಸಮಾರಂಭದಿಂದ ಇದು ನಡೆದುಕೊಂಡು ಬಂದಿದೆ. ಆ ವರ್ಷ ಕಣದಲ್ಲಿರುವ ಚಿತ್ರಗಳನ್ನು ಐದರಿಂದ ಹತ್ತಕ್ಕೆ ಏರಿಸಿದರು. ಹತ್ತು ಚಿತ್ರಗಳಿದ್ದಾಗ ಬರೀ ಜಾಸ್ತಿ ಮತ ಬಂದವರು ಗೆದ್ದರು ಅಂದರೆ ನೂರಕ್ಕೆ ಹನ್ನೆರಡು ಜನ ಮೆಚ್ಚಿದ ಚಿತ್ರವೂ ಗೆದ್ದುಬಿಡಬಹುದು. ಅದನ್ನು ತಪ್ಪಿಸಲು ಈ ಏರ್ಪಾಡು.

ಒಂದು ಲೆಕ್ಕ ಮಾಡಿ ತೋರಿಸುತ್ತೇನೆ. ಇದು ಸುಮ್ನೆ ಉದಾಹರಣೆಗೆ ನಾನು ಹಾಕಿದ ಲೆಕ್ಕ. ನೂರು ಜನ ಮತದಾರರು, ನಾಲ್ಕು ಚಿತ್ರ. ಮೊದಲ ಪ್ರಾಶಸ್ತ್ಯದಲ್ಲಿ ‘ಕ’ ಚಿತ್ರಕ್ಕೆ 34, ‘ಖ’ಗೆ 28, ‘ಗ’ಗೆ 22, ‘ಘ’ಗೆ 16. ಯಾರಿಗೂ ಅರ್ಧಕ್ಕಿಂತ ಜಾಸ್ತಿ ಬಂದಿಲ್ಲ. ಹಾಗಾಗಿ ಕೊನೆಯಲ್ಲಿರುವ ‘ಘ’ ಹೊರಗೆ. ಆ 16 ಜನ ಎರಡನೆಯದಾಗಿ ಯಾರನ್ನು ಬರೆದಿದ್ದಾರೆ ನೋಡುತ್ತಾರೆ. 11 ಜನ ‘ಖ’ ಅಂದಿದ್ದಾರೆ, 3 ಜನ ‘ಗ’, 2 ಜನ ‘ಕ’. ಈಗ ‘ಕ’ 36, ‘ಖ’ 39, ‘ಗ’ 25. ಮತ್ತೆ ಅರ್ಧ ದಾಟಿಲ್ಲ. ‘ಗ’ ಹೊರಗೆ. ಅದರ 25ರಲ್ಲಿ 17 ‘ಖ’ಗೆ, 8 ‘ಕ’ಗೆ ಹೋಯಿತು ಅಂದುಕೊಳ್ಳಿ. ‘ಖ’ 56, ‘ಕ’ 44. ‘ಖ’ ಗೆದ್ದಿತು.

ಮೊದಲ ಸುತ್ತಿನಲ್ಲಿ ಮುಂದಿದ್ದದ್ದು ‘ಕ’. ಅದನ್ನು ಪ್ರಾಣದಷ್ಟು ಪ್ರೀತಿಸಿದ 34 ಜನ ಇದ್ದರು. ಆದರೆ ಉಳಿದವರಲ್ಲಿ ತುಂಬಾ ಜನ ಅದನ್ನು ಕೆಳಗೆ ತಳ್ಳಿದ್ದರು. ‘ಖ’ ಅನ್ನು ಅಷ್ಟು ಪ್ರೀತಿಸಿದವರು ಕಡಿಮೆ, ಆದರೆ ಬೇಡ ಅಂದವರೂ ಕಡಿಮೆ.

ಯಾವ ಚಿತ್ರಕ್ಕೆ ಎಷ್ಟು ಮತ ಬಂತು ಅಂತ, ಸಿನಿಮಾದವರೇ ಸದಸ್ಯರಾಗಿರುವ, ಆಸ್ಕರ್ ಕೊಡುವ ಅಕಾಡೆಮಿ ಹೇಳುವುದಿಲ್ಲ. ಹಾಗಾಗಿ ‘ರೋಮಾ’ ಹೀಗೇ ಸೋತಿತು ಅಂತ ಲೆಕ್ಕ ಬಿಡಿಸಿ ತೋರಿಸಲು ಆಗುವುದಿಲ್ಲ. ಆದರೆ ಸ್ವಭಾವ ನೋಡಿ. ‘ರೋಮಾ’ ಕಪ್ಪು ಬಿಳುಪಿನ ಚಿತ್ರ. ಮಾತು ಸ್ಪ್ಯಾನಿಶ್ ಮತ್ತು ಮಿಶ್ಟೆಕ್ ಭಾಷೆಯದು. ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಮೇಲಿಂದ ಅದು ನೆಟ್‌ಫ್ಲಿಕ್ಸ್‌ನ ಚಿತ್ರ. ಥಿಯೇಟರ್ ಬಿಟ್ಟು ಮನೆಗೇ ಬರುವ ಚಿತ್ರಕ್ಕೆ ಅತ್ಯುತ್ತಮ ಚಿತ್ರ ಅಂತ ಕೊಡಬೇಕಾ ಅನ್ನುವ ವಾದ ಆಗ ಹಾಲಿವುಡ್ಡಿನಲ್ಲಿ ಜೋರಾಗಿತ್ತು. ‘ಗ್ರೀನ್ ಬುಕ್’ 1962ರಲ್ಲಿ ನಡೆಯುವ ಕಥೆ. ಕಪ್ಪು ವರ್ಣದ ಪಿಯಾನೋ ವಾದಕ, ಅವರ ಬಿಳಿಯ ಡ್ರೈವರ್, ಇಬ್ಬರೂ ದಕ್ಷಿಣದ ರಾಜ್ಯಗಳಿಗೆ ಹೋಗುತ್ತಾರೆ, ಸ್ನೇಹಿತರಾಗುತ್ತಾರೆ. ನಟನೆ ಚೆನ್ನಾಗಿದೆ, ನಗು ಇದೆ, ಕೊನೆಗೆ ಸಮಾಧಾನ ಇದೆ. ಆ ಪಿಯಾನೋ ವಾದಕರ ಮನೆಯವರೇ ಚಿತ್ರವನ್ನು ಒಪ್ಪಲಿಲ್ಲ ಅನ್ನುವುದು ಬೇರೆ ಮಾತು, ಮತ್ತು ನನಗೆ ಅದು ದೊಡ್ಡ ಮಾತು. ವರ್ಣಭೇದದಂಥ ವಿಷಯವನ್ನು ಇಷ್ಟು ಹಗುರವಾಗಿ ದಾಟಿದ ಚಿತ್ರಕ್ಕೆ ಆ ಪ್ರಶಸ್ತಿ ಸಲ್ಲಬಾರದಿತ್ತು. ಆದರೆ ಎರಡನೆಯ, ಮೂರನೆಯ ಪ್ರಾಶಸ್ತ್ಯ ಬಾಚಿಕೊಳ್ಳಲು ಇಂಥ ಚಿತ್ರಕ್ಕೆ ಕಷ್ಟವಿಲ್ಲ.

ಮುನ್ಸೂಚನೆ ಇತ್ತು. ಅಮೆರಿಕದ ನಿರ್ಮಾಪಕರ ಸಂಘದ ಪ್ರಶಸ್ತಿ ‘ಗ್ರೀನ್ ಬುಕ್’ಗೆ ಜನವರಿಯಲ್ಲೇ ಬಂದಿತ್ತು. ಆ ಸಂಘವೂ ಇದೇ ಪ್ರಾಶಸ್ತ್ಯದ ಎಣಿಕೆ ಮಾಡುತ್ತದೆ. ನಿಮ್ಮ ಗೆಳತಿಯರು ದೋಸೆ ತಿನ್ನುತ್ತಿರುವುದರ ಗುಟ್ಟು ಇದೇ ಇರಬೇಕು! 2022ರಲ್ಲೂ ಹೀಗೇ ಆಯಿತು. ‘ದಿ ಪವರ್ ಆಫ್ ದಿ ಡಾಗ್’ಗೆ 12 ನಾಮಿನೇಷನ್, ಗೆದ್ದದ್ದು ಜೇನ್ ಕ್ಯಾಂಪಿಯನ್ ಅವರ ನಿರ್ದೇಶನ ಒಂದೇ. ‘ಕೋಡಾ’ಗೆ ಮೂರೇ ನಾಮಿನೇಷನ್, ಮೂರನ್ನೂ ಗೆದ್ದಿತು, ಅತ್ಯುತ್ತಮ ಚಿತ್ರವೂ ಸೇರಿ. ಆ ಸಲವೂ ನಿರ್ಮಾಪಕರ ಸಂಘ ಮುಂಚೆಯೇ ‘ಕೋಡಾ’ ಅಂದಿತ್ತು.

ಹಾಗಂತ ಈ ಕ್ರಮ ಧೈರ್ಯದ ಚಿತ್ರಗಳ ಶತ್ರು ಅಂದುಕೊಳ್ಳಬೇಡಿ. 2017ರಲ್ಲಿ ‘ಮೂನ್‌ಲೈಟ್’ ಗೆದ್ದದ್ದು ಇದೇ ಎಣಿಕೆಯಲ್ಲಿ. 2020ರಲ್ಲಿ ‘ಪ್ಯಾರಸೈಟ್’ ಗೆದ್ದದ್ದೂ ಇದರಲ್ಲೇ. ಆ ಸಲ ನಿರ್ಮಾಪಕರ ಸಂಘ, ನಿರ್ದೇಶಕರ ಸಂಘ, ಬ್ರಿಟನ್ನಿನ ಸಿನಿಮಾ ಪ್ರಶಸ್ತಿ ಬಾಫ್ಟಾ ಎಲ್ಲವೂ ‘1917’ ಕಡೆಗಿದ್ದವು. ನನ್ನ ಅಂದಾಜಿನ ಪಟ್ಟಿಯಲ್ಲೂ ‘1917’ ಇತ್ತು, ಆಸೆಯ ಪಟ್ಟಿಯಲ್ಲಿ ‘ಪ್ಯಾರಸೈಟ್’. ಬಾಂಗ್ ಜೂನ್-ಹೋ ಅವರಿಗೆ ಮೊದಲು ಚಿತ್ರಕಥೆ, ಆಮೇಲೆ ಅಂತರರಾಷ್ಟ್ರೀಯ ಚಿತ್ರ (ವಿದೇಶಿ ಭಾಷಾ ಚಿತ್ರದ ವಿಭಾಗಕ್ಕೆ ಇಟ್ಟ ಹೊಸ ಹೆಸರು), ಆಮೇಲೆ ನಿರ್ದೇಶನ, ಕೊನೆಗೆ ಅತ್ಯುತ್ತಮ ಚಿತ್ರ. ಇಂಗ್ಲಿಷ್ ಅಲ್ಲದ ಭಾಷೆಯ ಚಿತ್ರವೊಂದು ಆ ಕೊನೆಯ ಪ್ರಶಸ್ತಿ ಪಡೆದದ್ದು ಅದೇ ಮೊದಲು. ಅಂದು ಬೆಳಿಗ್ಗೆ ಮನೆಯಲ್ಲಿ ಎದ್ದು ನಿಂತು ಚಪ್ಪಾಳೆ ಹೊಡೆದೆ. ಹಿಂದಿನ ವರ್ಷ ‘ರೋಮಾ’ಗೆ ತೆರೆಯದ ಬಾಗಿಲು ಇದಕ್ಕೆ ತೆರೆಯಿತು. ‘ಪ್ಯಾರಸೈಟ್’ ನಗಿಸುತ್ತದೆ, ಹೆದರಿಸುತ್ತದೆ, ಓಡುತ್ತದೆ. ಅದನ್ನು ಮೊದಲನೆಯದಾಗಿ ಬರೆದವರೂ ಇದ್ದಿರಬೇಕು, ಎರಡನೆಯದಾಗಿ ಬರೆದವರೂ ಇದ್ದಿರಬೇಕು. ಎರಡೂ ಕೂಡಿಬಂದಾಗ ಹಾಗಾಗುತ್ತದೆ.

ನಟ ನಟಿಯರ ವಿಭಾಗಕ್ಕೆ ಬರೋಣ. ಇಲ್ಲಿ ಪ್ರಾಶಸ್ತ್ಯ ಗೀಶಸ್ತ್ಯ ಏನೂ ಇಲ್ಲ. ಐದು ಹೆಸರು, ಯಾರಿಗೆ ಜಾಸ್ತಿ ಮತವೋ ಅವರಿಗೆ ಪ್ರಶಸ್ತಿ. ನಾಮಿನೇಷನ್ ಮಾಡುವವರು ನಟರ ವಿಭಾಗದ ಸದಸ್ಯರು ಮಾತ್ರ, ಆದರೆ ಕೊನೆಯ ಸುತ್ತಿನಲ್ಲಿ ಎಲ್ಲ ವಿಭಾಗದವರೂ ಮತ ಹಾಕುತ್ತಾರೆ. ಇಲ್ಲಿ ಆಸೆ ಬೇರೆ ರೀತಿ ಕೆಲಸ ಮಾಡುತ್ತದೆ. ‘ಪಾಪ, ಇಷ್ಟು ವರ್ಷವಾಯಿತು, ಇವರಿಗೆ ಇನ್ನೂ ಕೊಟ್ಟಿಲ್ಲ’ ಅನ್ನುವ ಮಾತು ಇಲ್ಲಿ ತುಂಬಾ ಓಡಾಡುತ್ತದೆ.

1993ರಲ್ಲಿ ಅಲ್ ಪಚೀನೊಗೆ ‘ಸೆಂಟ್ ಆಫ್ ಎ ವುಮನ್’ಗಾಗಿ ಕೊಟ್ಟರು. ಅದಕ್ಕೂ ಮೊದಲು ಎಷ್ಟೋ ಸಲ ನಾಮಿನೇಷನ್ ಆಗಿ ಬರಿಗೈಲಿ ಹೋಗಿದ್ದರು. ಆದರೆ ಅದೇ ರಾತ್ರಿ ‘ಮಾಲ್ಕಮ್ ಎಕ್ಸ್’ನ ಡೆನ್ಜಲ್ ವಾಷಿಂಗ್ಟನ್ ಸೋತರು. ಒಂದು ಹಳೆಯ ಬಾಕಿ ತೀರಿಸಲು ಹೋಗಿ ಹೊಸ ಬಾಕಿ ಮಾಡಿಕೊಂಡರು. ಡೆನ್ಜಲ್‌ಗೆ ನಾಯಕ ನಟನ ಪ್ರಶಸ್ತಿ ಬರಲು 2002ರವರೆಗೆ ಕಾಯಬೇಕಾಯಿತು. ಮುಂದಿರುವ ಅಭಿನಯಕ್ಕೆ ಮತ ಹಾಕಬೇಕು, ಹಿಂದಿನ ಅನ್ಯಾಯಕ್ಕಲ್ಲ ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ.

2019ರಲ್ಲಿ ನಟಿ ಗ್ಲೆನ್ ಕ್ಲೋಸ್ ವಿಷಯದಲ್ಲೂ ಎಲ್ಲರೂ ‘ಇನ್ನೂ ಕೊಟ್ಟಿಲ್ಲ’ ಅನ್ನುವ ಮಾತನ್ನೇ ಹೇಳುತ್ತಿದ್ದರು. ಅದು ಅವರ ಏಳನೆಯ ನಾಮಿನೇಷನ್. ಗೋಲ್ಡನ್ ಗ್ಲೋಬ್ ಬಂದಿತ್ತು, ನಟರ ಸಂಘದ ಪ್ರಶಸ್ತಿಯೂ ಬಂದಿತ್ತು. ಗೆದ್ದದ್ದು ಒಲಿವಿಯಾ ಕೋಲ್ಮನ್. ವೇದಿಕೆ ಮೇಲೆ ಅವರು ಗ್ಲೆನ್ ಕ್ಲೋಸ್ ಕಡೆ ತಿರುಗಿ, ನೀವು ನನಗೆ ಎಷ್ಟೋ ವರ್ಷದಿಂದ ಆದರ್ಶ, ಇದು ಹೀಗಾಗಬೇಕು ಅಂತ ನಾನು ಬಯಸಿರಲಿಲ್ಲ ಅನ್ನುವ ಅರ್ಥದ ಮಾತು ಹೇಳಿದರು. ಗೆದ್ದವರೇ ಬೇರೆಯವರ ಗೆಲುವಿಗೆ ಆಸೆಪಟ್ಟಿದ್ದರು ನೋಡಿ.

ಆಸೆಯನ್ನೇ ಅಂದಾಜು ಅಂದುಕೊಂಡರೆ ಸಮಾರಂಭ ನಡೆಸುವವರಿಗೂ ಏಟು ಬೀಳುತ್ತದೆ. 2021ರ ಏಪ್ರಿಲ್‌ನಲ್ಲಿ ಹಾಗಾಯಿತು. ನಟ ಚಾಡ್ವಿಕ್ ಬೋಸ್‌ಮನ್ 43ನೇ ವಯಸ್ಸಿಗೆ ಹಿಂದಿನ ಆಗಸ್ಟ್‌ನಲ್ಲಿ ತೀರಿಕೊಂಡಿದ್ದರು. ಅವರ ಕೊನೆಯ ಚಿತ್ರಕ್ಕೆ ಪ್ರಶಸ್ತಿ ಬಂದೇ ಬರುತ್ತದೆ ಅಂತ ಎಲ್ಲರೂ ನಂಬಿದ್ದರು. ಯಾವಾಗಲೂ ಕೊನೆಗೆ ಬರುವುದು ಅತ್ಯುತ್ತಮ ಚಿತ್ರ. ಆ ರಾತ್ರಿ ಅದನ್ನು ಮುಂಚೆ ಕೊಟ್ಟು, ಅತ್ಯುತ್ತಮ ನಟನನ್ನು ಕೊನೆಗಿಟ್ಟರು. ಲಕೋಟೆ ತೆರೆದರೆ ಆಂಥೊನಿ ಹಾಪ್ಕಿನ್ಸ್, 83 ವರ್ಷ, ‘ದಿ ಫಾದರ್’ ಚಿತ್ರಕ್ಕೆ. ಅವರು ಅಲ್ಲಿರಲಿಲ್ಲ, ದೂರದ ವೇಲ್ಸ್‌ನಲ್ಲಿದ್ದರು. ಭಾಷಣವಿಲ್ಲ, ಏನಿಲ್ಲ, ಕಾರ್ಯಕ್ರಮ ಥಟ್ಟನೆ ಮುಗಿಯಿತು. ನೆನಪು ಕಳೆದುಕೊಳ್ಳುತ್ತಿರುವ ಮುದುಕನಾಗಿ ಹಾಪ್ಕಿನ್ಸ್ ಕೊನೆಗೆ ಅಮ್ಮ ಬೇಕು ಅಂತ ಅಳುವುದನ್ನು ನೋಡಿದವರು ಆ ಪ್ರಶಸ್ತಿಯನ್ನು ತಪ್ಪು ಅನ್ನಲಾರರು. ಆದರೂ ಆ ರಾತ್ರಿ ಇಬ್ಬರಿಗೂ ಸಿಗಬೇಕಾದ ಗೌರವ ಸರಿಯಾಗಿ ಸಿಗಲಿಲ್ಲ.

ಇನ್ನು ನೀವು ಕೇಳಿದ ಮುಖ್ಯ ಪ್ರಶ್ನೆ: ಆಸೆಗೆ ಅರ್ಥ ಇದೆಯಾ? ಮತ ಹಾಕುವವರು ಸುಮಾರು 10 ಸಾವಿರ ಜನ. ನೀವೂ ಇಲ್ಲ, ನಾನೂ ಇಲ್ಲ. ಆದರೂ ಅರ್ಥ ಇದೆ ಅಂತ ನನ್ನ ನಂಬಿಕೆ. ಬ್ರೆಜಿಲ್ ಕಡೆ ನೋಡಿ. 1999ರಲ್ಲಿ ಅಲ್ಲಿನ ಹಿರಿಯ ನಟಿ ಫೆರ್ನಾಂಡಾ ಮೊಂಟೆನೆಗ್ರೊ ಅತ್ಯುತ್ತಮ ನಟಿ ವಿಭಾಗದಲ್ಲಿದ್ದರು. ನಿರ್ದೇಶಕ ವಾಲ್ಟರ್ ಸಾಲೆಸ್ ಅವರ ಚಿತ್ರ. ಗ್ವಿನೆತ್ ಪಾಲ್ಟ್ರೊ ಗೆದ್ದರು. 26 ವರ್ಷ ಕಳೆದು 2025ರಲ್ಲಿ ಅದೇ ಸಾಲೆಸ್ ಅವರ ‘ಐ ಆಮ್ ಸ್ಟಿಲ್ ಹಿಯರ್’ ಚಿತ್ರಕ್ಕೆ ಅದೇ ವಿಭಾಗದಲ್ಲಿ ನಿಂತವರು ಫೆರ್ನಾಂಡಾ ಟೊರೆಸ್. ಮೊಂಟೆನೆಗ್ರೊ ಅವರ ಮಗಳು! ಸಮಾರಂಭ ಮಾರ್ಚ್ 2ರಂದು, ಕಾರ್ನಿವಲ್ ಹಬ್ಬದ ನಡುವೆ. ಬೀದಿಯಲ್ಲಿ ಜನ ಟೊರೆಸ್ ಅವರ ವೇಷ ಹಾಕಿಕೊಂಡು ಕುಣಿಯುತ್ತಿದ್ದರು.

ಆ ವರ್ಷ ನನ್ನ ಆಸೆಯೂ ಟೊರೆಸ್. 1971ರಲ್ಲಿ ಮಿಲಿಟರಿ ಆಡಳಿತ ಗಂಡನನ್ನು ಹಿಡಿದುಕೊಂಡು ಹೋಗುತ್ತದೆ, ಅವನು ವಾಪಸ್ ಬರುವುದಿಲ್ಲ. ಐದು ಮಕ್ಕಳ ತಾಯಿ ಯುನಿಸ್ ಪೈವಾ ಅವರ ನಿಜವಾದ ಕಥೆ. ಒಂದು ದೃಶ್ಯದಲ್ಲಿ ಪತ್ರಿಕೆಯವರು ಫೋಟೋ ತೆಗೆಯಲು ಬರುತ್ತಾರೆ. ನಗಬೇಡಿ, ದುಃಖದಲ್ಲಿರುವ ಹಾಗೆ ನಿಲ್ಲಿ ಅಂತ ಅವರ ಆಸೆ. ಯುನಿಸ್ ಒಪ್ಪುವುದಿಲ್ಲ. ಮಕ್ಕಳಿಗೆ ನಗಿ ಅನ್ನುತ್ತಾಳೆ, ತಾನೂ ನಗುತ್ತಾಳೆ. ಟೊರೆಸ್ ಮುಖದಲ್ಲಿ ಆ ನಗು ಬರುವುದನ್ನು ನೋಡಬೇಕು. ಅಳು ತಡೆದ ನಗು ಅಲ್ಲ ಅದು, ಹಟದ ನಗು. ಗೆದ್ದದ್ದು ‘ಅನೋರಾ’ದ ಮೈಕಿ ಮ್ಯಾಡಿಸನ್. ಆದರೆ ಅಂತರರಾಷ್ಟ್ರೀಯ ಚಿತ್ರದ ಪ್ರಶಸ್ತಿ ಬ್ರೆಜಿಲ್‌ಗೆ ಬಂತು, ಆ ದೇಶದ ಚಿತ್ರಕ್ಕೆ ಮೊದಲ ಆಸ್ಕರ್. ಇಡೀ ದೇಶ ಹೀಗೆ ಆಸೆಪಟ್ಟಿದ್ದರಿಂದ ಎಷ್ಟೋ ಎಳೆಯರು ಥಿಯೇಟರಿಗೆ ಹೋಗಿ ತಮ್ಮ ದೇಶದ ಆ ಕರಾಳ ವರ್ಷಗಳನ್ನು ನೋಡಿದರು. ‘ರೋಮಾ’ ವಿಷಯದಲ್ಲೂ ಹೀಗೇ. ಆ ಚಿತ್ರದ ನೆಪದಲ್ಲಿ ಮೆಕ್ಸಿಕೋದಲ್ಲಿ ಮನೆಕೆಲಸದವರ ಹಕ್ಕಿನ ಮಾತು ದೊಡ್ಡದಾಯಿತು. 2019ರ ಮೇ ತಿಂಗಳಲ್ಲಿ ಅವರಿಗೆ ಕಾರ್ಮಿಕರ ಹಕ್ಕು ಕೊಡುವ ಕಾನೂನಿಗೆ ಅಲ್ಲಿನ ಸಂಸತ್ತು ಒಪ್ಪಿಗೆ ಕೊಟ್ಟಿತು.

ನಮ್ಮ ದೇಶದ ಮಟ್ಟಿಗೆ ಆಸೆ ಎಷ್ಟೋ ಸಲ ಬಾಗಿಲಲ್ಲೇ ಸಾಯುತ್ತದೆ. ಅಂತರರಾಷ್ಟ್ರೀಯ ವಿಭಾಗಕ್ಕೆ ಒಂದು ದೇಶ ಒಂದೇ ಚಿತ್ರ ಕಳಿಸಬಹುದು. ಇಲ್ಲಿ ಅದನ್ನು ಆರಿಸುವುದು ಫಿಲ್ಮ್ ಫೆಡರೇಷನ್ ಆಫ್ ಇಂಡಿಯಾದ ಸಮಿತಿ. 2024ರಲ್ಲಿ ಪಾಯಲ್ ಕಪಾಡಿಯಾ ಅವರ ‘ಆಲ್ ವೀ ಇಮ್ಯಾಜಿನ್ ಆಸ್ ಲೈಟ್’ ಫ್ರಾನ್ಸಿನ ಕಾನ್ ಚಿತ್ರೋತ್ಸವದಲ್ಲಿ ಎರಡನೆಯ ದೊಡ್ಡ ಪ್ರಶಸ್ತಿ ಗ್ರಾನ್ ಪ್ರಿ ಗೆದ್ದು ಬಂದಿತ್ತು. ಸಮಿತಿ ಕಳಿಸಿದ್ದು ‘ಲಾಪತಾ ಲೇಡೀಸ್’. ಚೆಂದದ ಚಿತ್ರವೇ, ಆದರೆ ನಾಮಿನೇಷನ್‌ಗೆ ಮುಂಚಿನ 15ರ ಪಟ್ಟಿಗೂ ಬರಲಿಲ್ಲ. ಅದೇ ವರ್ಷ ಮೈಸೂರಿನ ಚಿದಾನಂದ ನಾಯ್ಕ್ ಅವರ ಕಿರುಚಿತ್ರ ಕಾನ್‌ನಲ್ಲಿ ವಿದ್ಯಾರ್ಥಿ ಚಿತ್ರಗಳ ಮೊದಲ ಬಹುಮಾನ ಪಡೆದಿತ್ತು. ಹುಂಜ ಕೂಗಿದರೇ ಬೆಳಗಾಗುವುದು ಅಂತ ಅಜ್ಜಿಯೊಬ್ಬಳು ಅದನ್ನು ಕದ್ದು ಊರಿಗೆ ಕತ್ತಲು ತರುವ ನಮ್ಮ ಜನಪದ ಕಥೆ. ಆಸ್ಕರ್ ಕಿರುಚಿತ್ರ ವಿಭಾಗಕ್ಕೆ ಅರ್ಹತೆ ಪಡೆಯಿತು, 15ರ ಪಟ್ಟಿಗೆ ಬರಲಿಲ್ಲ. ಕನ್ನಡ ಮಾತಾಡುವ ಚಿತ್ರ ಆ ವೇದಿಕೆಯಲ್ಲಿ ನಿಲ್ಲಲಿ ಅಂತ ತುಂಬಾ ಆಸೆಯಿತ್ತು. ಈಗಲೂ ಇದೆ.

ನಮ್ಮ ರಾಷ್ಟ್ರ ಪ್ರಶಸ್ತಿಯಲ್ಲಿ ಅತ್ಯುತ್ತಮ ಚಿತ್ರದ ಸ್ವರ್ಣ ಕಮಲ ಕನ್ನಡಕ್ಕೆ ಆರು ಸಲ ಬಂದಿದೆ. ‘ಸಂಸ್ಕಾರ’ದಿಂದ ‘ದ್ವೀಪ’ದವರೆಗೆ. ಅದರಲ್ಲಿ ನಾಲ್ಕು ಗಿರೀಶ್ ಕಾಸರವಳ್ಳಿ ಅವರದು. ಆದರೆ ಅಲ್ಲಿ ಮುಂಚೆ ಐದು ಹೆಸರಿನ ಪಟ್ಟಿ ಹೊರಗೆ ಬಿಡುವುದಿಲ್ಲ. ತೀರ್ಪುಗಾರರು ಒಳಗೆ ಕೂತು ನೋಡುತ್ತಾರೆ, ಒಂದು ದಿನ ಫಲಿತಾಂಶ ಹೇಳುತ್ತಾರೆ. ಯಾರು ಕಣದಲ್ಲಿದ್ದರು ಅಂತಲೇ ಗೊತ್ತಿಲ್ಲದಿದ್ದರೆ ಆಸೆಪಡುವುದು ಹೇಗೆ? ಪಂದ್ಯ ಕಟ್ಟುವುದು ಹೇಗೆ? ಕಣದಲ್ಲಿದ್ದ ಹೆಸರುಗಳನ್ನು ಒಂದು ತಿಂಗಳು ಮುಂಚೆ ಹೇಳಿದರೆ, ಆ ಚಿತ್ರಗಳನ್ನು ಹುಡುಕಿ ನೋಡುವವರು ಎಷ್ಟೋ ಜನ ಹುಟ್ಟಿಕೊಳ್ಳುತ್ತಾರೆ. ಇದನ್ನು ನಾನು ಹಿಂದೆಯೂ ಬರೆದಿದ್ದೇನೆ, ಮುಂದೆಯೂ ಬರೆಯುತ್ತೇನೆ.

ನಿಮ್ಮ ಪಂದ್ಯಕ್ಕೆ ಬರುತ್ತೇನೆ. ಒಂದೇ ಹಾಳೆಯಲ್ಲಿ ಎರಡು ಸಾಲು ಮಾಡಿ. ಎಡಕ್ಕೆ ಆಸೆ, ಬಲಕ್ಕೆ ಅಂದಾಜು. ದೋಸೆ ಬಲಗಡೆಯ ಸಾಲಿಗೆ ಮಾತ್ರ. ಬಲಗಡೆಯದನ್ನು ಕೊನೆಗೆ ಬರೆಯಿರಿ, ಸಂಘಗಳ ಪ್ರಶಸ್ತಿಗಳೆಲ್ಲ ಮುಗಿದ ಮೇಲೆ. ಅತ್ಯುತ್ತಮ ಚಿತ್ರಕ್ಕೆ ನಿರ್ಮಾಪಕರ ಸಂಘ ನೋಡಿ, ನಿರ್ದೇಶನಕ್ಕೆ ನಿರ್ದೇಶಕರ ಸಂಘ, ನಟನೆಗೆ ನಟರ ಸಂಘ ಮತ್ತು ಬಾಫ್ಟಾ. ಕಿರುಚಿತ್ರಗಳಲ್ಲೇ ಪಂದ್ಯ ಸೋಲುವವರು ಜಾಸ್ತಿ, ಅದಕ್ಕೆ ಅವನ್ನು ಹುಡುಕಿ ನೋಡಿ, ಎಷ್ಟೋ ಆನ್‌ಲೈನಿನಲ್ಲೇ ಸಿಗುತ್ತವೆ.

ಎಡಗಡೆಯ ಸಾಲನ್ನು ಮಾತ್ರ ಬೇಗ ಬರೆಯಿರಿ. ಚಿತ್ರ ನೋಡಿದ ದಿನವೇ, ಜನವರಿಯ ಗದ್ದಲ ಶುರುವಾಗುವ ಮುಂಚೆ. ಆಮೇಲಾದರೆ ಅವರು ಮುಂದಿದ್ದಾರೆ, ಇವರು ಹಿಂದಿದ್ದಾರೆ ಅನ್ನುವ ಸುದ್ದಿ ಕೇಳಿ ಕೇಳಿ ನಮ್ಮ ಆಸೆಯೂ ಅತ್ತ ವಾಲಿಬಿಡುತ್ತದೆ. ನಾಮಿನೇಷನ್ನೇ ಸಿಗದವರ ಹೆಸರನ್ನೂ ಧಾರಾಳವಾಗಿ ಬರೆಯಿರಿ. ‘ಪ್ಯಾರಸೈಟ್’ನ ನಟರಲ್ಲಿ ಒಬ್ಬರಿಗೂ ನಾಮಿನೇಷನ್ ಸಿಗಲಿಲ್ಲ, ಆದರೆ ನನ್ನ ಎಡಗಡೆಯ ಸಾಲಿನಲ್ಲಿ ಅದರಲ್ಲಿನ ಬಡ ಕುಟುಂಬದ ತಂದೆಯಾಗಿ ನಟಿಸಿದ ಸಾಂಗ್ ಕಾಂಗ್-ಹೋ ಹೆಸರು ಇತ್ತು.